ಹೊಸಿಲಾಚೆ ನಿಂತು ನೋಡಿದವನು

ಹೋದ ತಿಂಗಳು ನನ್ನ ತಂಗಿಯ ಮಗಳು ಊಟಿಯಲ್ಲಿ ನನ್ನನ್ನು ಬಯಸ್ಕೋಪಿನ ಡೇರೆಗೆ ಕರೆದುಕೊಂಡು ಹೋದಳು. ಉತ್ತರದಲ್ಲೆಲ್ಲೋ ಭೂಮಿ ನಡುಗಿ ಊರಿಗೆ ಊರೇ ಬಿದ್ದುಹೋಯಿತಲ್ಲ, ಅದರ ಚಿತ್ರ. ಬಿದ್ದ ಗೋಡೆಗಳನ್ನು ಅಲ್ಲಿಗೇ ಹೋಗಿ ಹಿಡಿದು ತಂದು, ಮಧ್ಯೆ ಒಬ್ಬ ತಾಯಿ, ಒಂದು ಮಗು ಎಂದು ಕಥೆ ಸೇರಿಸಿದ್ದರು. ಹೆಂಗಸರು ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಕುರ್ಚಿಯಲ್ಲಿ ಕೂತಿದ್ದ ಒಬ್ಬ ವಕೀಲರು ನಡುವೆಯೇ ಎದ್ದು, ಸತ್ತವರ ಮನೆಯಲ್ಲಿ ಇನ್ನೂ ಒಲೆ ಸರಿಯಾಗಿ ಹತ್ತಿಲ್ಲ, ಇಷ್ಟು ಬೇಗ ಇದನ್ನೆಲ್ಲ ಆಟ ಕಟ್ಟಿ ತೋರಿಸಬಾರದು, ಸ್ವಲ್ಪ ಕಾಲ ಹೋಗಬೇಕಿತ್ತು ಎಂದು ಹೇಳಿ ಹೊರಟುಹೋದರು. ಎಷ್ಟು ಕಾಲ ಎಂದು ಹೇಳಲಿಲ್ಲ.

ನನಗೆ ನಮ್ಮ ಕಡೆ ತೊಗಲುಬೊಂಬೆ ಆಡಿಸುತ್ತಿದ್ದ ಬೊಂಬೆಯವನ ನೆನಪಾಯಿತು. ಅವನು ಸತ್ತು ಎರಡು ಮಳೆಗಾಲ ಕಳೆದಿದೆ. ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ಸತ್ತವರ ಹೆಸರನ್ನು ಅವನು ಬಾಯಲ್ಲಿ ತರುತ್ತಿರಲಿಲ್ಲ. ಅವನ ಕಟ್ಟಳೆಯನ್ನು ಅವನ ವಿಷಯದಲ್ಲಿ ನಾನೇಕೆ ಮುರಿಯಲಿ? ನನಗೆ ಅಕ್ಷರ ಬಂದದ್ದು ಆಲೂಗಡ್ಡೆ ಮೂಟೆಗಳ ಮೇಲಿನ ಗುರುತು ನೋಡಿ ನೋಡಿ. ತಪ್ಪಿದ್ದರೆ ತಿದ್ದಿಕೊಳ್ಳಿ. ಅಲಂಕಾರ ಬೇಕಿದ್ದವರು ಬೇರೆಯವರದನ್ನು ಓದಿ.

ಮಸಿನಗುಡಿಯಲ್ಲಿ ಗಾಡಿಯವರು ತಂಗುವ ಕಡೆ ನನ್ನದು ಮುದ್ದೆ ಊಟದ ಅಂಗಡಿ. ಮೈಸೂರು ಕಡೆಯಿಂದ ರಾಗಿ, ಹುರುಳಿ ಹೇರಿಕೊಂಡು ಬಂದವರು ಇಲ್ಲಿ ಉಂಡು ಸೀಗೂರು ಘಾಟಿ ಹತ್ತುತ್ತಿದ್ದರು. ಮೇಲಿನಿಂದ ಆಲೂಗಡ್ಡೆ ಇಳಿಸಿಕೊಂಡು ಬಂದವರೂ ಇಲ್ಲೇ ಎತ್ತು ಬಿಚ್ಚುತ್ತಿದ್ದರು. ನನ್ನ ಗಂಡನೂ ಗಾಡಿ ಹೊಡೆಯುವವನೇ. ನಾವು ಗುಂಡ್ಲುಪೇಟೆ ಕಡೆಯಿಂದ ಬಂದವರು. ಬೊಂಬೆಯವನೂ ಆ ಕಡೆಯವನೇ, ಆದರೆ ಅವನೂ ಅವನ ಹೆಂಡತಿಯೂ ತಮ್ಮತಮ್ಮಲ್ಲಿ ಮರಾಠಿಯಂಥ ಬೇರೊಂದು ಮಾತು ಆಡಿಕೊಳ್ಳುತ್ತಿದ್ದರು. ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಬಂದು ನನ್ನ ಹಿತ್ತಲಾಚೆಯ ಹುಣಸೆಮರದ ಕೆಳಗೆ ಗುಡಾರ ಹಾಕುತ್ತಿದ್ದರು. ತೊಗಲುಬೊಂಬೆ ಆಡಿಸಿ ರಾಗಿ ಎತ್ತಿಕೊಂಡು ಹೋಗುತ್ತಿದ್ದರು.

ಅವನ ಮೈಯಿಂದ ಹಸಿ ತೊಗಲಿನ ವಾಸನೆ ಹೋಗುತ್ತಿರಲಿಲ್ಲ. ಯಾರ ಜೊತೆ ಮಾತಾಡಬೇಕಾದರೂ ಎದುರಿಗೆ ನಿಲ್ಲುತ್ತಿರಲಿಲ್ಲ, ಪಕ್ಕಕ್ಕೆ ಬಂದು ನಿಲ್ಲುತ್ತಿದ್ದ. ಬೊಂಬೆಯ ಮುಖ ಒಂದೇ ಪಕ್ಕ ಅಲ್ಲವೇ. ಅವನಿಗೆ ಮನುಷ್ಯರೂ ಒಂದೇ ಪಕ್ಕ ಇದ್ದರು. ಗಾಡಿಯವರನ್ನು ಮೂಗಿನಿಂದ ಗುರುತು ಹಿಡಿಯುತ್ತಿದ್ದ. ಒಬ್ಬ ಮೂಗುದ್ದದವನು ಎದುರಿಗೇ ನಿಂತು, ಏನಯ್ಯಾ ನನ್ನ ಗುರುತು ಸಿಗಲಿಲ್ಲವಾ ಎಂದರೆ, ಸ್ವಲ್ಪ ತಿರುಗಿ ಸ್ವಾಮಿ ಎಂದಿದ್ದ. ಎಲ್ಲರೂ ನಕ್ಕರು. ಅವನು ನಗಲಿಲ್ಲ, ಅವನಿಗೆ ಅದು ತಮಾಷೆಯಲ್ಲ.

ಬೊಂಬೆ ಮಾಡುವುದನ್ನು ನಾನು ಒಲೆಯ ಮುಂದೆ ಕೂತೇ ನೋಡುತ್ತಿದ್ದೆ. ತೊಗಲನ್ನು ಹೆರೆದು, ಗೂಟ ಬಡಿದು ಒಣಗಿಸಿ, ಇದ್ದಿಲಿನಲ್ಲಿ ಗೀರಿ, ಸಣ್ಣ ಉಳಿಯಿಂದ ಒಡವೆ, ಸೀರೆಯ ಅಂಚು ಎಲ್ಲವನ್ನೂ ತೂತು ತೂತಾಗಿ ಬಿಡಿಸುತ್ತಿದ್ದ. ಬಣ್ಣ ಬಳಿಯುತ್ತಿದ್ದ. ಕೈಕಾಲು ದಾರದಲ್ಲಿ ಪೋಣಿಸುತ್ತಿದ್ದ. ಎಲ್ಲ ಆದ ಮೇಲೆ, ಕಟ್ಟಕಡೆಗೆ ಕಣ್ಣು. ಕಣ್ಣು ಬಿಡಿಸುವವರೆಗೆ ಅದು ಬರೀ ತೊಗಲು, ಅದರ ಮೇಲೆ ಕೂತು ಊಟ ಮಾಡಿದರೂ ದೋಷವಿಲ್ಲ. ಕಣ್ಣು ಬಿಡಿಸಿದ ಮೇಲೆ ಅದನ್ನು ದಾಟುವ ಹಾಗಿಲ್ಲ. ಸವೆದು ಹರಿದರೆ ಎಸೆಯುವ ಹಾಗೂ ಇಲ್ಲ, ಹೊಳೆಗೆ ಬಿಡಬೇಕು.

ಅವನ ಹೆಂಡತಿ ನಗುವುದು ಮೊದಲು ಕೇಳಿಸುತ್ತಿತ್ತು, ಆಮೇಲೆ ಅವಳು ಕಾಣುತ್ತಿದ್ದಳು. ಆಟದಲ್ಲಿ ಗಂಡಸರ ದನಿ ಅವನದು, ಹೆಂಗಸರ ದನಿ ಅವಳದು. ರಾಣಿ, ದಾಸಿ, ಅತ್ತೆ, ಸೊಸೆ ಎಲ್ಲ ಅವಳೇ. ನನ್ನ ಮಗಳಿಗೆ ಆಗ ಹತ್ತು ವರ್ಷ. ಬೊಂಬೆಯವಳ ಹಿಂದೆಯೇ ತಿರುಗುತ್ತಿದ್ದಳು. ಪಾತ್ರೆ ಬೆಳಗು ಎಂದರೆ ರಾಣಿಯ ದನಿಯಲ್ಲಿ, ಆಗಲಿ ಎಂದು ಅಪ್ಪಣೆ ಕೊಡುತ್ತಿದ್ದಳು.

ಒಂದು ಮಧ್ಯಾಹ್ನ ಬೊಂಬೆಯವಳು ಬಿಸಿಲಿನಲ್ಲಿ ಬಂದು, ನಾನು ಹಿತ್ತಲಿನಲ್ಲಿದ್ದಾಗ, ಒಳಗೆ ಹೆಜ್ಜೆಯಿಟ್ಟು ನನ್ನ ನೀರಿನ ಗಡಿಗೆಯಿಂದ ತಾನೇ ಮೊಗೆದುಕೊಂಡಳು. ನಾನು ಕೂಗಾಡಿದೆ. ಅವಳ ಎದುರಿಗೇ ಗಡಿಗೆ ಬೋರಲು ಹಾಕಿ, ಹುಣಸೆಹಣ್ಣು ಬೂದಿ ಹಾಕಿ ಉಜ್ಜಿದೆ. ಅವತ್ತು ಅವಳು ನಗಲಿಲ್ಲ. ನೀರು ಮೊಗೆಯುವ ಕರಟದ ಸೌಟು ಅಲ್ಲಿಯವರೆಗೆ ಗಡಿಗೆಯ ಪಕ್ಕದಲ್ಲೇ ತೂಗುತ್ತಿತ್ತು. ಮಾರನೆಯ ದಿನ ನನ್ನ ಕೈಗೆ ಮಾತ್ರ ಎಟುಕುವ ಹಾಗೆ ಮೇಲೆ ಮೊಳೆ ಹೊಡೆದು ಅಲ್ಲಿಗೆ ಏರಿಸಿದೆ. ಆಮೇಲೆ ಗಂಡ ಹೆಂಡತಿ ಇಬ್ಬರೂ ನೀರು ಬೇಕಾದರೆ ಹೊಸಿಲಾಚೆ ನಿಂತು ಬೊಗಸೆ ಒಡ್ಡುತ್ತಿದ್ದರು, ನಾನು ಮೇಲಿನಿಂದ ಹುಯ್ಯುತ್ತಿದ್ದೆ. ಆ ಕಾಲದಲ್ಲಿ ಎಲ್ಲರೂ ಹಾಗೇ ಇದ್ದರು ಎಂದು ಬರೆಯಬಹುದು. ಬರೆದರೆ ಏನು ಬಂತು?

ಯುದ್ಧ ಮುಗಿಯುವ ಹೊತ್ತಿಗೆ ಬಂತಲ್ಲ ಜ್ವರ, ದೇಶದಲ್ಲೆಲ್ಲ ಮನೆಗೊಂದು ಎರಡು ಎಂದು ಎತ್ತಿಕೊಂಡು ಹೋಯಿತಲ್ಲ, ಆ ವರ್ಷ ಬೊಂಬೆಯವರು ಸುಗ್ಗಿಗೆ ಮೊದಲೇ ಬಂದು ಇಲ್ಲಿ ಸಿಕ್ಕಿಹಾಕಿಕೊಂಡರು. ಗಾಡಿಗಳು ನಿಂತವು. ನನ್ನ ಗಂಡ ಊಟಿಗೆ ಹೋದವನು ಅಲ್ಲೇ ಯಾವುದೋ ಛತ್ರದಲ್ಲಿ ಜ್ವರ ಹಿಡಿದು ಮಲಗಿಬಿಟ್ಟಿದ್ದ. ಹೆಣ ಎತ್ತುವವರು ಇರಲಿಲ್ಲ. ಸತ್ತ ಮೇಕೆಯ ತೊಗಲು ಮುಟ್ಟುವವನಿಗೆ ಹೆಣ ಮುಟ್ಟುವುದಕ್ಕೇನು ಎಂದು ಎಲ್ಲರೂ ಅವನಿಗೆ ಹೇಳಿದರು. ಅವನು ಹೂಂ ಎಂದ. ದಿನಾ ಬೆಳಗ್ಗೆ ಒಂದೊಂದೇ ಬಾಗಿಲಿಗೆ ಹೋಗಿ ಹೊಸಿಲಾಚೆ ನಿಂತು ಕೂಗುವುದು, ಮಾತು ಬಾರದ ಮನೆಯೊಳಗೆ ಇಣುಕುವುದು, ಸತ್ತವರನ್ನು ಎತ್ತಿಕೊಂಡು ಹೋಗಿ ಬಿದಿರುಮೆಳೆಯ ಹತ್ತಿರ ಹೂಳುವುದು.

ನಾನು ಮಲಗಿದ್ದು ಎಷ್ಟು ದಿನವೋ ತಿಳಿಯದು. ಎದ್ದಾಗ ಮಗಳು ಇರಲಿಲ್ಲ. ಆಗಲೇ ಹೂತು ಎರಡು ದಿನವಾಗಿತ್ತು. ಅವಳನ್ನು ಎತ್ತಿದವನು ಅವನೇ. ಅವಳಿಗಾಗಿ ಗುಂಡಿ ತೋಡುತ್ತಿದ್ದ ಹೊತ್ತಿನಲ್ಲೇ ಗುಡಾರದಲ್ಲಿ ಅವನ ಹೆಂಡತಿಯೂ ಹೋದಳು. ನನಗೆ ನೆನಪಿರುವುದು ಒಂದೇ. ಎದ್ದಾಗ ಬಾಯೆಲ್ಲ ಹುಚ್ಚೆಳ್ಳೆಣ್ಣೆಯ ರುಚಿ. ಎಷ್ಟು ಉಗುಳಿದರೂ ಹೋಗಲಿಲ್ಲ. ಜ್ವರದ ಕಹಿ ಅದು, ಬಿಡು ಎಂದರು ಎಲ್ಲರೂ. ಜ್ವರದ ಕಹಿಗೂ ಎಣ್ಣೆಗೂ ವ್ಯತ್ಯಾಸ ತಿಳಿಯದವಳು ಊಟದ ಅಂಗಡಿ ಇಟ್ಟಿರುತ್ತಾಳೆಯೇ?

ಸಾಯುವಾಗ ಏನಾಯಿತು, ನನ್ನನ್ನು ಕರೆದಳೇ, ಇದನ್ನು ಅವನೊಬ್ಬನೇ ಹೇಳಬಲ್ಲವನಾಗಿದ್ದ. ಕೇಳಿದೆ. ನೆಲ ನೋಡಿಕೊಂಡು ನಿಂತ. ಮಾತಲ್ಲಿ ಹೇಳೋಕೆ ಬರಾಕಿಲ್ಲ ಎಂದ.

ಮೂರೇ ತಿಂಗಳು. ಸಂಕ್ರಾಂತಿ ಕಳೆಯುತ್ತಲೇ ಜ್ವರದ ಆಟ ಕಟ್ಟಿದ್ದಾನಂತೆ ಎಂದು ಸುದ್ದಿಯಾಯಿತು. ಗಾಡಿಯವರು ನನ್ನ ಅಂಗಡಿಯಲ್ಲೇ ಕೂತು ಜಗಳ ಕಾದರು. ಮೊನ್ನೆ ಮೊನ್ನೆ ಸತ್ತವರನ್ನು ಕುಣಿಸುತ್ತಾನಲ್ಲ, ಇವನಿಗೆ ಮನುಷ್ಯತ್ವ ಬೇಡವೇ ಎಂದು ಕೆಲವರು. ತುಮ್ಮನಟ್ಟಿಯಿಂದ ಆಲೂಗಡ್ಡೆ ತಂದಿದ್ದ ಒಬ್ಬ ಬಡಗರ ಗೌಡ, ಇದರಲ್ಲಿ ಬೇಗ ಏನು ಬಂತು, ನಮ್ಮಲ್ಲಿ ಹೆಣ ಎತ್ತುವ ಮೊದಲೇ ಸತ್ತವನು ಮಾಡಿದ ಪಾಪಗಳನ್ನೆಲ್ಲ ಊರ ಮುಂದೆ ಕೂಗಿ ಹೇಳುತ್ತೇವೆ, ಹೇಳಿದರೆ ಸತ್ತವನ ದಾರಿ ಸಲೀಸಾಗುತ್ತದೆ ಎಂದ. ಅವನ ತಮ್ಮನೂ ಜ್ವರದಲ್ಲಿ ಹೋಗಿದ್ದ. ಬೊಂಬೆಯವನ ಹತ್ತಿರ ಹೋಗಿ, ನನ್ನ ತಮ್ಮನನ್ನೂ ಆಟಕ್ಕೆ ಸೇರಿಸು ಎಂದು ಕೇಳಿದ. ಬೊಂಬೆಯವನು ಆಗಲ್ಲ ಎಂದುಬಿಟ್ಟ. ಯಾರ ಸಾವನ್ನು ತಾನು ಕಂಡಿಲ್ಲವೋ ಅವರನ್ನು ತೊಗಲಿನಲ್ಲಿ ಕೊರೆಯುವುದಿಲ್ಲವಂತೆ. ಗೌಡ ಮೂಟೆ ರಾಗಿ ಕೊಡುತ್ತೇನೆ ಎಂದರೂ ಒಪ್ಪಲಿಲ್ಲ.

ನನ್ನ ಅಂಗಳದಲ್ಲೇ ಆಟ. ದೀಪ ಹಚ್ಚುವ ಹೊತ್ತಿಗೆ ಪರದೆ ಕಟ್ಟಿದ. ನಾನು ಕಲಗಚ್ಚಿನ ಬಾನಿಯ ಹತ್ತಿರ ನಿಂತಿದ್ದೆ. ಗಾಡಿಯವರು ಒಬ್ಬೊಬ್ಬರೇ ಮಲಗುವುದು, ಎತ್ತುಗಳು ತಾವೇ ನಡೆದು ಊರಿಗೆ ಬರುವುದು, ಇದೆಲ್ಲ ಆಯಿತು. ಆಮೇಲೆ ನನ್ನ ಮನೆ ಬಂತು. ನಾನು ಮಲಗಿದ್ದೇನೆ. ನನ್ನ ಮಗಳು ಏಳುತ್ತಾಳೆ. ಅದೇ ಮೂಗು, ಅದೇ ಮೋಟು ಜಡೆ. ನಡುಗುವ ಕಾಲಿನಲ್ಲಿ ಗಡಿಗೆಯ ಕಡೆ ಹೋಗುತ್ತಾಳೆ. ಮೊಳೆಗೆ ಕೈ ಎತ್ತುತ್ತಾಳೆ. ಎಟುಕುವುದಿಲ್ಲ. ಮತ್ತೆ ಎತ್ತುತ್ತಾಳೆ. ನನ್ನ ಕಡೆ ತಿರುಗಿ ಬಾಯಿ ತೆಗೆಯುತ್ತಾಳೆ. ದನಿ ಇಲ್ಲ. ಹೆಂಗಸರ ದನಿ ಆಡುವವಳು ಸತ್ತಿದ್ದಳಲ್ಲ. ಬಾಯಿ ತೆಗೆದುಕೊಂಡೇ ನಿಂತಿದ್ದಾಳೆ, ನಾನು ಮಲಗೇ ಇದ್ದೇನೆ.

ಊರಿನ ಮುಂದೆ ನನ್ನ ಮಗಳು ನೀರಿಲ್ಲದೆ ಸತ್ತಳು, ತಾಯಿ ಏಳಲಿಲ್ಲ ಎಂದು ತೋರಿಸುತ್ತಿದ್ದಾನೆ ಅಂದುಕೊಂಡೆ. ಬಾನಿ ಎತ್ತಿ ಪರದೆಗೆ ಹುಯ್ದೆ. ಅಕ್ಕಚ್ಚು, ಮುಸುರೆ ಎಲ್ಲ ಹೋಗಿ ಬಿತ್ತು, ದೀಪ ಆರಿತು.

"ನನ್ನ ಮಗಳನ್ನ ಕುಣಿಸಿ ಹೊಟ್ಟೆ ಹೊರ್ಕತೀಯಾ? ನಮ್ಮನೆ ಸಾವಿಗೆ ಮೂರು ತಿಂಗಳು. ನಿನ್ನ ಹೆಂಡ್ತಿನ ಯಾಕೆ ಕುಣಿಸ್ನಿಲ್ಲ?"

ಕತ್ತಲಲ್ಲಿ ಅವನು ಒದ್ದೆ ಬೊಂಬೆಗಳನ್ನು ಒಂದೊಂದಾಗಿ ಪಂಚೆಯಲ್ಲಿ ಒರೆಸುವ ಸದ್ದು ಮಾತ್ರ ಕೇಳುತ್ತಿತ್ತು. ಬೆಳಗ್ಗೆ ಹುಣಸೆಮರದ ಕೆಳಗೆ ಗುಡಾರದ ಗೂಟದ ತೂತುಗಳಿದ್ದವು.

ಅಲ್ಲಿಂದ ಹದಿನಾರು ವರ್ಷ ಅವನು ಮಸಿನಗುಡಿಗೆ ಬರಲಿಲ್ಲ. ಗೂಡಲೂರು ಕಡೆ, ಮೋಯಾರ್ ಕಡೆ ಅದೇ ಆಟ ಆಡಿಸುತ್ತಾನೆ ಎಂದು ಗಾಡಿಯವರು ಹೇಳುತ್ತಿದ್ದರು. ಅದನ್ನು ನೋಡಿಬಂದವರು ನನ್ನ ಮುಖ ನೋಡಿ ಮಾತು ಬದಲಿಸುತ್ತಿದ್ದರು. ತುಮ್ಮನಟ್ಟಿ ಗೌಡ ಒಮ್ಮೆ ಉಣ್ಣುತ್ತಾ, ನೀನು ಕೊನೆಯವರೆಗೂ ನೋಡಬೇಕಾಗಿತ್ತಮ್ಮ ಎಂದ. ಮುದ್ದೆ ಆರುತ್ತದೆ, ಉಣ್ಣು ಎಂದೆ. ಕೊನೆಗೆ ಏನಿದೆ ಎಂದು ಯಾರನ್ನಾದರೂ ಕೇಳಿದ್ದರೆ ಹೇಳುತ್ತಿದ್ದರು. ನಾನು ಕೇಳಲಿಲ್ಲ. ಆದರೆ ಅಂಗಡಿಗೆ ಹುಚ್ಚೆಳ್ಳೆಣ್ಣೆ ತರುವುದನ್ನು ಬಿಟ್ಟೆ. ಅದನ್ನು ಅಳೆಯುವಾಗ ಬಾಯಲ್ಲಿ ಅದೇ ರುಚಿ ಬರುತ್ತಿತ್ತು, ಹಿಂದೆ ಯಾರೋ ನಿಂತು ಕೈ ಎತ್ತಿದ ಹಾಗಾಗುತ್ತಿತ್ತು.

ಗಂಡ ಸತ್ತ. ಬಸ್ಸು ಬಂತು, ಗಾಡಿಗಳು ಕಮ್ಮಿಯಾದವು. ಒಂದು ದಿನ ಹತ್ತು ಗಂಟೆಯ ಬಿಸಿಲಿನಲ್ಲಿ ಒಲೆ ಊದುತ್ತಿದ್ದೆ, ಹಸಿ ತೊಗಲಿನ ವಾಸನೆ ಬಂತು. ಬಾಗಿಲಾಚೆ ನಿಂತಿದ್ದಾನೆ, ಎದುರಿಗಲ್ಲ, ಪಕ್ಕಕ್ಕೆ. ಒಣಗಿದ ಕಡ್ಡಿಯ ಹಾಗಾಗಿದ್ದ. ಕಾಲ ಹತ್ತಿರ ಬೊಂಬೆ ಪೆಟ್ಟಿಗೆ.

"ಯಾಕೆ ಬಂದೆ?" ಎಂದೆ.

"ಒಂದು ಆಟ ಅರ್ಧಕ್ಕೇ ನಿಂತದೆ ಅವ್ವಾ. ಮುಗಿಸ್ಬುಟ್ಟು ಹೋಯ್ತೀನಿ."

ಊದುಗೊಳವೆ ಕೆಳಗಿಟ್ಟು ಎದ್ದೆ. ಹಿತ್ತಲಿನ ಆಲೂಗಡ್ಡೆ ಕೊಟ್ಟಿಗೆಗೆ ಕರೆದುಕೊಂಡು ಹೋದೆ. ಕಿಟಕಿಗೆ ಗೋಣಿ ಇಳಿಬಿಟ್ಟು, ಬಾಗಿಲು ಎಳೆದು ಕತ್ತಲು ಮಾಡಿದೆ. ಅವನು ಹೆಗಲ ಮೇಲಿನ ಪಂಚೆ ತೆಗೆದು ಪರದೆಯಾಗಿ ಕಟ್ಟಿ, ಹಿಂದೆ ಹರಳೆಣ್ಣೆ ದೀಪ ಇಟ್ಟ. ನೋಡುವವಳು ನಾನೊಬ್ಬಳೇ. ಮೂಟೆಯ ಮೇಲೆ ಕೂತೆ.

ಮಗಳು ಎದ್ದಳು. ತೊಗಲು ಅಲ್ಲಲ್ಲಿ ಬಿರುಕು ಬಿಟ್ಟಿತ್ತು, ಬಣ್ಣ ಹೋಗಿತ್ತು. ನಾನು ಮುದುಕಿಯಾಗಿದ್ದೆ, ಅವಳು ಅಷ್ಟೇ ಇದ್ದಳು. ಗಡಿಗೆಯ ಹತ್ತಿರ ಹೋದಳು. ಮೊಳೆಗೆ ಕೈ ಎತ್ತಿದಳು. ಎಟುಕಲಿಲ್ಲ. ನನ್ನ ಕಡೆ ತಿರುಗಿ ಬಾಯಿ ತೆಗೆದಳು. ಅವತ್ತು ನಾನು ಬಾನಿ ಎತ್ತಿದ್ದು ಇಲ್ಲಿಗೆ.

ಆಮೇಲೆ ಅವಳು ಸುತ್ತ ನೋಡಿದಳು. ಮೂಲೆಗೆ ಹೋದಳು. ಕೈಯಲ್ಲಿ ಏನೋ ಹಿಡಿದು ಬಂದಳು, ಉದ್ದ ಹಿಡಿಯದು, ತುದಿಯಲ್ಲಿ ಕೊಕ್ಕೆ. ಹುಚ್ಚೆಳ್ಳೆಣ್ಣೆ ಅಳೆಯುವ ಪಾವು. ಅದನ್ನು ಗಡಿಗೆಗೆ ಇಳಿಸಿ ನೀರು ಮೊಗೆದಳು. ಬಂದು ನನ್ನ ತಲೆ ಎತ್ತಿ ಬಾಯಿಗೆ ಹುಯ್ದಳು. ಮತ್ತೆ ಹೋದಳು, ಮತ್ತೆ ತಂದಳು. ಎಷ್ಟು ಸಲ ಹೋದಳೋ ಅಷ್ಟು ಸಲವೂ ಅವನು ಆಡಿಸಿದ. ಆತುರ ಮಾಡಲಿಲ್ಲ. ಆಮೇಲೆ ಅವಳು, ತಾನು ಒಂದು ಗುಟುಕೂ ಕುಡಿಯದೆ, ಪಾವನ್ನು ನೆಲಕ್ಕಿಟ್ಟು ನನ್ನ ಪಕ್ಕ ಮಲಗಿದಳು.

ನನ್ನ ಬಾಯಲ್ಲಿ ಎಣ್ಣೆಯ ರುಚಿ ಬಂತು. ಆ ರುಚಿಯ ವಿಷಯ ನಾನು ಅವನಿಗೆ ಯಾವತ್ತೂ ಹೇಳಿದವಳಲ್ಲ. ಕಟ್ಟಿದ ಕಥೆಯೋ ಕಂಡದ್ದೋ ಎಂದು ಕೇಳುವ ಕೆಲಸ ಉಳಿಯಲಿಲ್ಲ.

ಬೇರೆ ಪ್ರಶ್ನೆ ಉಳಿಯಿತು. ಪರದೆಯ ಆ ಕಡೆ ಅವನ ನೆರಳು ಕೂತಿತ್ತು. ಆ ನೆರಳನ್ನೇ ಕೇಳಿದೆ.

"ಅಷ್ಟೊತ್ತು ಬಾಗ್ಲಲ್ಲಿ ನಿಂತು ನೋಡ್ತಾ ಇದ್ದೆಯಲ್ಲ. ಒಳಗೆ ಬಂದು ಒಂದು ಗುಟುಕು ನೀರು ಅವಳ ಬಾಯಿಗೂ ಬಿಡಬಾರದಿತ್ತಾ?"

ನೆರಳಿನ ಕೈ ದೀಪದ ಬತ್ತಿ ಮೀಟಿತು.

"ನಿಮ್ಮ ನೀರಿನ ಗಡಿಗೆ ನಾನೆಂಗೆ ಮುಟ್ಲವ್ವಾ?"

ಅವನ ದನಿಯಲ್ಲಿ ಚುಚ್ಚು ಇರಲಿಲ್ಲ. ಚುಚ್ಚಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಹೆಣವಾದ ಮೇಲೆ ಅವಳನ್ನು ಎತ್ತಲು ಒಳಗೆ ಬರಬಹುದಾಗಿತ್ತು, ಬಂದ. ಉಸಿರಿರುವಾಗ ಬರುವ ಹಾಗಿರಲಿಲ್ಲ. ಆ ಮೊಳೆಯನ್ನು ಅಷ್ಟು ಮೇಲೆ ಹೊಡೆದವಳು ಯಾರು, ಯಾಕೆ ಹೊಡೆದಳು ಎಂಬುದು ಅವನಿಗೆ ಗೊತ್ತಿತ್ತು. ಆಟದಲ್ಲಿ ಅದನ್ನು ತೋರಿಸಿರಲಿಲ್ಲ.

ಬಯಸ್ಕೋಪಿನವರ ಮೇಲೆ ವಕೀಲರಿಗೆ ಬಂದ ಸಿಟ್ಟು ನನಗೆ ಅರ್ಥವಾಗುತ್ತದೆ, ನನ್ನ ಸಿಟ್ಟೂ ಅದೇ ಆಗಿತ್ತು. ಆದರೆ ಮೂರು ತಿಂಗಳಿಗೆ ಬೇಡವಾದದ್ದು ಹದಿನಾರು ವರ್ಷಕ್ಕೇನೂ ಹಗುರವಾಗಿರಲಿಲ್ಲ. ಅವತ್ತೇ ಕೊನೆಯವರೆಗೆ ನೋಡಿದ್ದರೆ ಅವತ್ತೇ ಇದನ್ನು ಹೊತ್ತುಕೊಳ್ಳುತ್ತಿದ್ದೆ. ಮೈಯಲ್ಲಿ ಶಕ್ತಿಯಾದರೂ ಇತ್ತು. ತೋರಿಸುವವನು ಬೇಗ ತೋರಿಸಿದನೋ ತಡವಾಗಿ ತೋರಿಸಿದನೋ ಎಂದು ನಾನು ಈಗ ಕೇಳುವುದಿಲ್ಲ. ಅವತ್ತು ಅವನು ಎಲ್ಲಿ ನಿಂತಿದ್ದ ಎಂದು ಕೇಳುತ್ತೇನೆ. ಅವನನ್ನು ಅಲ್ಲಿ ನಿಲ್ಲಿಸಿದವರು ಯಾರು ಎಂದೂ ಕೇಳಬೇಕಾಗುತ್ತದೆ.

ಆಟ ಮುಗಿಸಿದ ಬೊಂಬೆಯವನು, ತೊಗಲು ಸವೆದಿದೆ, ಇನ್ನು ಇವಳನ್ನು ಆಡಿಸುವ ಹಾಗಿಲ್ಲ, ಹೊಳೆಗೆ ಬಿಡಬೇಕು ಎಂದ. ಇಬ್ಬರೂ ಮೋಯಾರ್ ಹೊಳೆಗೆ ನಡೆದೆವು. ಅರಿಶಿನ ಹಚ್ಚಿ ನನ್ನ ಕೈಗೆ ಕೊಟ್ಟ. ನಾನೇ ಬಿಟ್ಟೆ. ದೀಪದ ಎಣ್ಣೆ ಕುಡಿದ ತೊಗಲು ಬೇಗ ಮುಳುಗುವುದಿಲ್ಲ. ಒಂದು ಪಕ್ಕಕ್ಕೆ ಮಲಗಿ, ಆ ಒಂದು ಕಣ್ಣು ಮೇಲೆ ಮಾಡಿಕೊಂಡು, ಬಂಡೆಯ ತಿರುವಿನವರೆಗೂ ಹೋಯಿತು.

ವಾಪಸು ಬಂದ ಮೇಲೆ ಅವನಿಗೆ ಬಾಯಾರಿತ್ತು. ಹೊಸಿಲಾಚೆ ನಿಂತ. ಒಳಗೆ ಬಾ, ಗಡಿಗೆಯಿಂದ ನೀನೇ ಮೊಗೆದುಕೋ ಎಂದೆ. ಅವನು ಅಲ್ಲೇ ಬಗ್ಗಿ ಬೊಗಸೆ ಒಡ್ಡಿದ. ಇನ್ನೊಂದು ಸಲ ಹೇಳಿದೆ.

"ಅಭ್ಯಾಸ ಅವ್ವಾ. ಹುಯ್ಯಿ" ಎಂದ.

ಹುಯ್ದೆ. ನೀರು ಅವನ ಮೊಣಕೈಯಿಂದ ಸೋರುತ್ತಿತ್ತು. ಆಗ ನಾನು ಬೇರೆ ಏನು ಮಾಡಬೇಕೆಂದು ತಿಳಿಯದೆ, ನಿನ್ನ ಹೆಂಡತಿಯ ಬೊಂಬೆ ಯಾಕೆ ಮಾಡಲಿಲ್ಲ ಎಂದು ಹಳೆಯ ಪ್ರಶ್ನೆಯನ್ನೇ ಕೇಳಿದೆ. ಈ ಸಲ ಮೆತ್ತಗೆ ಕೇಳಿದೆ. ಅವನು ಪೆಟ್ಟಿಗೆಯ ತಳದಿಂದ ಬಟ್ಟೆ ಸುತ್ತಿದ ಒಂದು ತೊಗಲು ತೆಗೆದ. ಅವಳೇ. ಓಲೆ, ಮೂಗುತಿ, ನಗುವಾಗ ಮೇಲೇಳುವ ಗಲ್ಲ, ಎಲ್ಲ ಬಿಡಿಸಿದ್ದ. ಕಣ್ಣಿನ ಜಾಗದಲ್ಲಿ ಇದ್ದಿಲಿನ ಒಂದು ಚುಕ್ಕೆ. ತೂತು ಇರಲಿಲ್ಲ.

"ಅವಳು ಹೋಗೋದ್ನ ನಾನು ನೋಡ್ನಿಲ್ಲ. ಇಲ್ಲಿ ಗುಂಡಿ ತೋಡ್ತಿದ್ದೆ. ಕಣ್ಣು ಬಿಡಿಸುದ್ರೆ, ಎಲ್ಲಿದ್ದೆ ಅಂತ ನನ್ನೇ ನೋಡ್ತಾಳೆ ಕನವ್ವಾ. ಇನ್ನೂ ವಸಿ ದಿನ ಹೋಗಲಿ."

ಹದಿನಾರು ವರ್ಷವಾಗಿತ್ತು. ವಸಿ ದಿನ ಎಂದ.

ಮಾರನೆಯ ವರ್ಷ ಅವನ ಅಣ್ಣನ ಮಗ ಬಸ್ಸಿನಲ್ಲಿ ಬಂದು, ಚಿಕ್ಕಪ್ಪ ಹೋದ, ಹಳೆಯ ಬೊಂಬೆಗಳನ್ನೆಲ್ಲ ಹೊಳೆಗೆ ಬಿಟ್ಟೆವು, ಇದೊಂದಕ್ಕೆ ಕಣ್ಣಿಲ್ಲ, ಹೊಳೆಗೆ ಸಲ್ಲುವುದಿಲ್ಲ, ನಿಮಗೆ ಕೊಡು ಎಂದಿದ್ದ ಎಂದು ಕೊಟ್ಟುಹೋದ. ಜೊತೆಗೆ ಸಣ್ಣ ಉಳಿಯೂ ಇತ್ತು. ಉಳಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಅವಳು ಸತ್ತದ್ದನ್ನು ನಾನೂ ಕಂಡಿಲ್ಲ. ಅವಳು ನಗದೆ ನಿಂತದ್ದನ್ನು ಕಂಡಿದ್ದೇನೆ. ಅಷ್ಟಕ್ಕೆ ಕಣ್ಣು ಬಿಡಿಸುವ ಅಧಿಕಾರ ಬರುವುದಿಲ್ಲ. ಉಳಿಯನ್ನು ಗೂಡಿನಲ್ಲಿಟ್ಟೆ.

ಕರಟದ ಸೌಟನ್ನು ಕೆಳಗೆ, ಮಕ್ಕಳಿಗೂ ಎಟುಕುವ ಕಡೆ ತೂಗುಹಾಕಿದ್ದೇನೆ. ಮೇಲಿನ ಆ ಮೊಳೆಯಲ್ಲಿ, ನೀರಿನ ಗಡಿಗೆಯ ಮೇಲೆ, ಈಗ ಅವಳು ಇದ್ದಾಳೆ. ಸತ್ತ ತೊಗಲನ್ನು ಕುಡಿಯುವ ನೀರಿನ ಮೇಲೆ ಇಟ್ಟಿದ್ದೀಯಲ್ಲ ಎಂದು ನಮ್ಮ ಕಡೆಯವರು ಬಂದಾಗ ಮುಖ ಸಿಂಡರಿಸುತ್ತಾರೆ. ಬೇಕಾದವರು ಕುಡಿಯಿರಿ, ಬೇಡದವರಿಗೆ ಹೊಳೆ ಇದೆ ಎನ್ನುತ್ತೇನೆ.

ದೀಪವನ್ನು ಮಾತ್ರ ಆ ಗೋಡೆಯ ಕಡೆ ಇಡುವುದಿಲ್ಲ. ಒಮ್ಮೆ ಇಟ್ಟಿದ್ದೆ. ಓಲೆಯಲ್ಲಿ, ಮೂಗುತಿಯಲ್ಲಿ, ಸೀರೆಯ ಅಂಚಿನಲ್ಲಿ ಎಲ್ಲ ಬೆಳಕು ತೂರಿ ಬಂದು ಗೋಡೆಯ ತುಂಬ ಅವಳು ನಿಂತಳು. ಕಣ್ಣಿನ ಜಾಗದಲ್ಲಿ ಮಾತ್ರ ಕಪ್ಪು. ಆ ಕಪ್ಪು ನನ್ನ ಕಡೆಗೇ ಇತ್ತು.